ಮನೆಯವರೊಂದಿಗೆ ಪಾಸ್‌ವರ್ಡ್ ಹಂಚಿಕೊಳ್ಳಲು ಯಾವುದು ಸರಿ: ಡೈರಿ, ವಾಟ್ಸ್‌ಆ್ಯಪ್, ಗೂಗಲ್, ಬಿಟ್‌ವಾರ್ಡನ್?

ಒಂದು ವರ್ಷದ ಹಿಂದೆ ಅಪ್ಪನನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಕೌಂಟರಿನಲ್ಲಿ ಆರೋಗ್ಯ ವಿಮೆಯ ಪಾಲಿಸಿ ಸಂಖ್ಯೆ ಕೇಳಿದರು. ಅದು ಇದ್ದದ್ದು ಅಪ್ಪನ ಇಮೇಲ್‌ನಲ್ಲಿ. ಇಮೇಲ್‌ನ ಪಾಸ್‌ವರ್ಡ್ ಇದ್ದದ್ದು ಅವರ ಡೈರಿಯಲ್ಲಿ. ಡೈರಿ ಇದ್ದದ್ದು ಊರ ಮನೆಯ ಬೀರುವಿನಲ್ಲಿ. ಅಮ್ಮ ಕನ್ನಡಕ ಹುಡುಕಿಕೊಂಡು ಬಂದು ಫೋನಿನಲ್ಲಿ ಓದಿದರು: "ಮೊದಲನೆಯದನ್ನು ಹೊಡೆದುಹಾಕಿದ್ದಾರೆ, ಎರಡನೆಯದನ್ನೂ ಹೊಡೆದುಹಾಕಿದ್ದಾರೆ. ಮೂರನೆಯದರಲ್ಲಿ ಇರುವುದು ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ ಗೊತ್ತಾಗುತ್ತಿಲ್ಲ ಕಣಪ್ಪ." ಎರಡೂ ಬಗೆಯಲ್ಲಿ ಹಾಕಿ ನೋಡಿದೆ. ಒಂದು ಹೊಂದಿತು. ಆಗ ಒಟಿಪಿ ಅಪ್ಪನ ಫೋನಿಗೆ ಹೋಯಿತು. ಆ ಫೋನು ಚಾರ್ಜ್ ಮುಗಿದು ಅವರ ಅಂಗಿಯ ಜೇಬಿನಲ್ಲಿತ್ತು, ಅಂಗಿ ಐಸಿಯು ಬಾಗಿಲಲ್ಲಿ ನಮ್ಮ ಕೈಗೆ ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿತ್ತು.

ಅಪ್ಪ ಗುಣವಾಗಿ ಮನೆಗೆ ಬಂದರು. ಆಮೇಲೆ ನಾನು, ಅಮ್ಮ, ಜರ್ಮನಿಯಲ್ಲಿರುವ ತಂಗಿ ಮೂವರೂ ಸೇರಿ ಈ ವ್ಯವಸ್ಥೆಯನ್ನೇ ಬದಲಿಸಿದೆವು. ಒಂದೊಂದೇ ದಾರಿಯನ್ನು ಕೆಲವು ತಿಂಗಳು ಬಳಸಿ ನೋಡಿದ್ದೇವೆ. ನನ್ನನ್ನು ಕೇಳುವವರಲ್ಲಿ ಹೆಚ್ಚಿನವರ ಗೊಂದಲ ಒಂದೇ ಬಗೆಯದು: ವಾಟ್ಸ್‌ಆ್ಯಪ್ ಸಾಕಲ್ಲವೇ, ಗೂಗಲ್ ಹೇಗೂ ಉಳಿಸಿಕೊಳ್ಳುತ್ತದಲ್ಲ, ದುಡ್ಡು ಕೊಟ್ಟು ಆ್ಯಪ್ ಕೊಳ್ಳಬೇಕೇ? ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಹಂಚಲೇಬಾರದವು

ಯುಪಿಐ ಪಿನ್, ಎಟಿಎಂ ಪಿನ್, ಕಾರ್ಡಿನ ಹಿಂದಿರುವ ಸಿವಿವಿ, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಇವು ಎಂಥ ಭದ್ರ ಆ್ಯಪ್ ಆದರೂ ಹಂಚುವ ವಸ್ತುಗಳಲ್ಲ. ಇದಕ್ಕೆ ಕಾನೂನಿನ ಕಾರಣವಿದೆ. ಅನಧಿಕೃತ ವಹಿವಾಟುಗಳ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಹೇಳಿದ್ದು ಇದು: ಗ್ರಾಹಕರೇ ತಮ್ಮ ಪಾವತಿಯ ಗುಟ್ಟನ್ನು ಬೇರೆಯವರಿಗೆ ಕೊಟ್ಟು ಹಣ ಹೋದರೆ, ಬ್ಯಾಂಕಿಗೆ ದೂರು ಮುಟ್ಟುವವರೆಗಿನ ನಷ್ಟವೆಲ್ಲ ಗ್ರಾಹಕರದೇ. ಕೊಟ್ಟದ್ದು ಸ್ವಂತ ಮಗನಿಗೆ ಎಂಬ ಸಮಜಾಯಿಷಿ ಅಲ್ಲಿ ಕೈ ಹಿಡಿಯುವುದು ಕಷ್ಟ.

ಅಪ್ಪ ಅಮ್ಮನ ಬ್ಯಾಂಕ್ ಖಾತೆಯನ್ನು ನೀವು ನೋಡಿಕೊಳ್ಳಬೇಕಾದರೆ ಜಂಟಿ ಖಾತೆ ಮಾಡಿಸಿ. ಬ್ಯಾಂಕಿನವರು 'ಐದರ್ ಆರ್ ಸರ್ವೈವರ್' ಎನ್ನುವ, ಇಬ್ಬರಲ್ಲಿ ಯಾರು ಬೇಕಾದರೂ ವಹಿವಾಟು ನಡೆಸಬಹುದಾದ ಬಗೆಯಲ್ಲಿ ಇಬ್ಬರಿಗೂ ಬೇರೆ ಬೇರೆ ಲಾಗಿನ್ ಸಿಗುತ್ತದೆ, ಪಾಸ್‌ವರ್ಡ್ ಹಂಚುವ ಪ್ರಶ್ನೆಯೇ ಬರುವುದಿಲ್ಲ. ನಾಮಿನಿ ಹೆಸರು ಇದೆಯೇ ಎಂದೂ ಅದೇ ಭೇಟಿಯಲ್ಲಿ ನೋಡಿಕೊಳ್ಳಿ. 2025ರ ನವೆಂಬರ್‌ನಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು.

ಹಂಚಬೇಕಾದವು ಬೇರೆ ಇವೆ: ವಿದ್ಯುತ್ ಬಿಲ್ಲಿನ ಖಾತೆ ಸಂಖ್ಯೆ, ವಿಮೆ, ರೈಲ್ವೆ ಟಿಕೆಟ್ ಖಾತೆ, ವೈಫೈ, ಒಟಿಟಿ, ಆದಾಯ ತೆರಿಗೆ ಪೋರ್ಟಲ್, ಪಿಎಫ್‌ನ ಖಾತೆದಾರರ ಸಂಖ್ಯೆಯಾದ ಯುಎಎನ್, ಬ್ಯಾಂಕ್ ಲಾಕರ್ ಎಲ್ಲಿದೆ ಎಂಬ ಟಿಪ್ಪಣಿ, ಅಮ್ಮನ ಮಾತ್ರೆಗಳ ಪಟ್ಟಿ. ಆಧಾರ್ ಪ್ರತಿಯನ್ನು ಯಾರಿಗಾದರೂ ಕಳಿಸುವುದಿದ್ದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು.

ಯಾವ ಅಳತೆಗೋಲಿನಿಂದ ನೋಡಬೇಕು

ನಾನು ಪ್ರತಿಯೊಂದು ದಾರಿಗೂ ಐದು ಪ್ರಶ್ನೆ ಹಾಕುತ್ತೇನೆ. ಬರೆದಿಟ್ಟದ್ದನ್ನು ತೆರೆದು ಓದುವ ಬೀಗದ ಕೈ ಯಾರ ಬಳಿ ಇದೆ, ನಮ್ಮ ಬಳಿ ಮಾತ್ರವೋ, ಕಂಪನಿಯ ಬಳಿಯೂ ಇದೆಯೋ? ಮನೆಯಲ್ಲಿರುವ ಎಲ್ಲ ಫೋನು, ಕಂಪ್ಯೂಟರುಗಳಲ್ಲಿ ನಡೆಯುತ್ತದೆಯೇ? ಪಾಸ್‌ವರ್ಡ್ ಬದಲಿಸಿದರೆ ಎಲ್ಲರಿಗೂ ತಾನಾಗಿ ಬದಲಾಗುತ್ತದೆಯೇ, ಕೊಟ್ಟದ್ದನ್ನು ಹಿಂದಕ್ಕೆ ಪಡೆಯಬಹುದೇ? ಫೋನು ಕಳೆದರೆ, ಮಾಲೀಕರು ಹಾಸಿಗೆ ಹಿಡಿದರೆ ಅಥವಾ ತೀರಿಕೊಂಡರೆ ಉಳಿದವರು ಒಳಗೆ ಹೋಗುವುದು ಹೇಗೆ? ಖರ್ಚೆಷ್ಟು?

ಇವುಗಳಿಗೆಲ್ಲ ಮಿಗಿಲಾದ ಇನ್ನೊಂದಿದೆ, ಅದನ್ನು ನಾನು ತಡವಾಗಿ ಕಲಿತೆ. ಮನೆಯಲ್ಲಿ ಫೋನಿನ ರೂಢಿ ಯಾರಿಗೆ ಅತಿ ಕಡಿಮೆಯೋ ಅವರು ಇದನ್ನು ಒಬ್ಬರೇ ತೆರೆಯಬಲ್ಲರೇ? ನಮ್ಮ ಮನೆಯಲ್ಲಿ ಅದು ಅಮ್ಮ. ನನಗೆ ಸುಲಭವಾದದ್ದು ಅಮ್ಮನಿಗೆ ಸುಲಭವಾಗದಿದ್ದರೆ, ಆ ರಾತ್ರಿಯಂಥ ರಾತ್ರಿಯಲ್ಲಿ ಅದು ಇಲ್ಲದಂತೆಯೇ.

ಡೈರಿ

ಡೈರಿಯನ್ನು ಹಗುರಾಗಿ ಕಾಣಬೇಡಿ. ಇಂಟರ್‌ನೆಟ್‌ನಲ್ಲಿ ಕುಳಿತ ಕಳ್ಳ ನಿಮ್ಮ ಬೀರುವಿಗೆ ಕೈ ಹಾಕಲಾರ. ಅಮ್ಮನಿಗೆ ಅದು ಚೆನ್ನಾಗಿ ಗೊತ್ತು, ಖರ್ಚಿಲ್ಲ. ಕಂಪ್ಯೂಟರ್ ಮುಟ್ಟದ ಹಿರಿಯರಿಬ್ಬರೇ ಇರುವ ಮನೆಗೆ, ಸ್ಪಷ್ಟವಾಗಿ ಬರೆದ ಡೈರಿಯೇ ನಾನು ಸೂಚಿಸುವ ದಾರಿ. ಸೊನ್ನೆಗೆ ಅಡ್ಡಗೆರೆ ಎಳೆಯಿರಿ. ಬದಲಾದ ಪಾಸ್‌ವರ್ಡನ್ನು ಹೊಡೆದು ಪಕ್ಕದಲ್ಲಿ ಗೀಚುವ ಬದಲು ಹೊಸ ಹಾಳೆಯಲ್ಲಿ ತಾರೀಖಿನೊಂದಿಗೆ ಬರೆಯಿರಿ.

ಆದರೆ ಡೈರಿ ಇರುವುದು ಒಂದೇ ಕಡೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದರೆ ಪ್ರತಿ ಸಲ ಫೋನ್ ಮಾಡಿ ಓದಿಸಬೇಕು. ಕೈಯಿಂದ ಬರೆಯಬೇಕಾದ್ದರಿಂದ ಪಾಸ್‌ವರ್ಡುಗಳೂ ಚಿಕ್ಕವಾಗುತ್ತವೆ, ಒಂದನ್ನೇ ಹತ್ತು ಕಡೆ ಹಾಕುವ ಅಭ್ಯಾಸ ಬೆಳೆಯುತ್ತದೆ. ಒಂದು ಜಾಲತಾಣದಿಂದ ಸೋರಿದ ಪಾಸ್‌ವರ್ಡನ್ನು ಉಳಿದ ಕಡೆಯೆಲ್ಲ ಹಾಕಿ ನೋಡುವುದು ಕಳ್ಳರ ದಿನನಿತ್ಯದ ಕೆಲಸ.

ವಾಟ್ಸ್‌ಆ್ಯಪ್, ಗೂಗಲ್ ಕೀಪ್, ಎಕ್ಸೆಲ್

ಈಗಲೇ ನಿಮ್ಮ ವಾಟ್ಸ್‌ಆ್ಯಪ್ ತೆರೆದು, ಹುಡುಕುವ ಜಾಗದಲ್ಲಿ ಪಾಸ್‌ವರ್ಡ್ ಎಂದು ಇಂಗ್ಲಿಷಿನಲ್ಲಿ ಬರೆದು ನೋಡಿ. ನಮ್ಮ ಮನೆಯ ಗುಂಪಿನಲ್ಲಿ ಹೀಗೆ ಹುಡುಕಿದಾಗ ಹಳೆಯ ವಿಮೆ ಪೋರ್ಟಲ್, ಎರಡು ವೈಫೈ, ಅಪ್ಪನ ತೆರಿಗೆ ಖಾತೆ ಸಾಲಾಗಿ ಬಂದವು. ನಿಮ್ಮ ಫೋನು ಕೈಗೆ ಸಿಕ್ಕ ಯಾರಿಗೇ ಆಗಲಿ, ಇಷ್ಟೇ ಸಲೀಸಾಗಿ ಸಿಗುತ್ತವೆ.

2016ರಿಂದ ವಾಟ್ಸ್‌ಆ್ಯಪ್ ಸಂದೇಶಗಳು ದಾರಿಯಲ್ಲಿ ಯಾರೂ ಓದಲಾಗದಂತೆ ಬೀಗ ಹಾಕಿಕೊಂಡೇ ಹೋಗುತ್ತವೆ, ಅದು ನಿಜ. ತೊಂದರೆ ಇರುವುದು ತಲುಪಿದ ಮೇಲೆ. ಸಂದೇಶ ಗುಂಪಿನ ಎಲ್ಲರ ಫೋನಿನಲ್ಲಿ, ಜೋಡಿಸಿಕೊಂಡ ಕಂಪ್ಯೂಟರುಗಳಲ್ಲಿ, ಬ್ಯಾಕಪ್‌ನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬ್ಯಾಕಪ್‌ಗೂ ಅದೇ ಬಗೆಯ ಬೀಗ ಹಾಕುವ ಆಯ್ಕೆ 2021ರಲ್ಲಿ ಬಂದಿದೆ, ಆದರೆ ಅದನ್ನು ನಾವೇ ಆನ್ ಮಾಡಿಕೊಳ್ಳಬೇಕು. ಪಾಸ್‌ಬುಕ್ಕಿನ ಫೋಟೊ ಕಳಿಸಿದರೆ ಅದು ಗ್ಯಾಲರಿಗೂ, ಅಲ್ಲಿಂದ ಫೋಟೊ ಬ್ಯಾಕಪ್‌ಗೂ ಹೋಗಿ ಕೂರುತ್ತದೆ.

ಟಿಪ್ಪಣಿ ಬರೆದಿಡುವ ಗೂಗಲ್ ಕೀಪ್‌ನಲ್ಲಿ ಬೀಗದ ಕೈ ಗೂಗಲ್ ಬಳಿಯೂ ಇರುತ್ತದೆ. ಗೂಗಲ್ ಡ್ರೈವ್‌ನಲ್ಲಿಟ್ಟ ಸಾಮಾನ್ಯ ಎಕ್ಸೆಲ್ ಹಾಳೆಯದೂ ಅದೇ ಕಥೆ. ಕಿರಾಣಿ ಪಟ್ಟಿಗೆ ಇವು ಬಹಳ ಒಳ್ಳೆಯವು, ಪಾಸ್‌ವರ್ಡಿಗೆ ಬೇಡ.

ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್

ಆಂಡ್ರಾಯ್ಡ್ ಫೋನು, ಕ್ರೋಮ್ ಬ್ರೌಸರ್ ಇರುವ ಮನೆಯಲ್ಲಿ ಇದು ಈಗಾಗಲೇ ಇದೆ. ಹೊಸದಾಗಿ ಏನನ್ನೂ ಹಾಕಬೇಕಿಲ್ಲ, ಹಣವೂ ಇಲ್ಲ. ಪಾಸ್‌ವರ್ಡನ್ನು ತಾನೇ ಸೃಷ್ಟಿಸುತ್ತದೆ, ತಾನೇ ತುಂಬುತ್ತದೆ. ಐಫೋನ್‌ನಲ್ಲೂ ಕ್ರೋಮ್ ಮೂಲಕ ನಡೆಯುತ್ತದೆ. ಅಮ್ಮನಿಗೆ ಅತಿ ಬೇಗ ಒಗ್ಗಿದ್ದು ಇದೇ, ಏಕೆಂದರೆ ಕಲಿಯಬೇಕಾದ್ದು ಬೆರಳಿಡುವುದನ್ನು ಮಾತ್ರ.

ಗೂಗಲ್‌ನ ಕುಟುಂಬ ಗುಂಪಿನಲ್ಲಿ ಆರು ಜನರವರೆಗೆ ಇರಬಹುದು, ಅವರೊಳಗೆ ಪಾಸ್‌ವರ್ಡ್ ಹಂಚಬಹುದು. ಇಲ್ಲಿ ಮೂರು ಕೊರತೆ ಕಂಡವು. ಹಂಚಿದಾಗ ಅವರಿಗೆ ಸಿಗುವುದು ಒಂದು ನಕಲು, ಆದ್ದರಿಂದ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವಂತಿಲ್ಲ. ಕುಟುಂಬ ಗುಂಪಿನವರೆಲ್ಲ ಒಂದೇ ದೇಶದಲ್ಲಿರಬೇಕೆಂಬುದು ಗೂಗಲ್‌ನ ನಿಯಮ, ಹಾಗಾಗಿ ತಂಗಿ ಹೊರಗುಳಿದಳು. ಮೂರನೆಯದು, ಫೋನಿನ ಲಾಕ್ ಪಿನ್ ಗೊತ್ತಿದ್ದವರಿಗೆ ಒಳಗಿನ ಪಾಸ್‌ವರ್ಡುಗಳೆಲ್ಲ ತೆರೆದಂತೆಯೇ. ಮೊಮ್ಮಕ್ಕಳಿಗೆ ಆಟ ಆಡಲು ಹೇಳಿಕೊಟ್ಟ ಪಿನ್ ಅದೇ ಆಗಿದ್ದರೆ ಮೊದಲು ಅದನ್ನು ಬದಲಿಸಿ. ಬೀಗದ ಕೈ ನಿಮ್ಮ ಬಳಿ ಮಾತ್ರ ಇರಬೇಕೆಂದರೆ ಸೆಟ್ಟಿಂಗ್ಸ್‌ನಲ್ಲಿ ಸಾಧನದಲ್ಲೇ ಎನ್‌ಕ್ರಿಪ್ಷನ್ ಮಾಡುವ, ಅಂದರೆ ಬೀಗ ಹಾಕುವ, ಆಯ್ಕೆಯನ್ನೂ ನೋಡಿ.

ಪ್ರತಿ ಪಾಸ್‌ವರ್ಡಿನ ಜೊತೆ ಚಿಕ್ಕ ಟಿಪ್ಪಣಿ ಬರೆಯಬಹುದೇ ಹೊರತು, ಲಾಕರಿನ ವಿವರದಂಥ ಬಿಡಿ ಟಿಪ್ಪಣಿಗೆ ಇದರಲ್ಲಿ ಜಾಗವಿಲ್ಲ.

ಆ್ಯಪಲ್

ಮನೆಯವರೆಲ್ಲರ ಕೈಯಲ್ಲೂ ಐಫೋನ್ ಇದ್ದರೆ ಬೇರೆ ಕಡೆ ಹುಡುಕಬೇಕಿಲ್ಲ. 2024ರಲ್ಲಿ ಐಫೋನ್‌ನ ತಂತ್ರಾಂಶ ಐಒಎಸ್ 18ರ ಜೊತೆ ಪಾಸ್‌ವರ್ಡ್‌ಗಳಿಗೇ ಪ್ರತ್ಯೇಕ ಆ್ಯಪ್ ಬಂತು. ಗುಂಪಿನಲ್ಲಿ ಹಂಚಿದ್ದನ್ನು ಒಬ್ಬರು ಬದಲಿಸಿದರೆ ಎಲ್ಲರಿಗೂ ಬದಲಾಗುತ್ತದೆ, ಬೀಗದ ಕೈ ನಿಮ್ಮ ಬಳಿಯೇ ಇರುತ್ತದೆ, ವಿಂಡೋಸ್ ಕಂಪ್ಯೂಟರಿನಲ್ಲೂ ಐಕ್ಲೌಡ್ ಮೂಲಕ ಸಿಗುತ್ತದೆ. ಆಂಡ್ರಾಯ್ಡ್‌ಗೆ ಬರುವುದಿಲ್ಲ. ನಮ್ಮ ಮನೆಗಳಲ್ಲಿ ಮಗಳ ಕೈಯಲ್ಲಿ ಐಫೋನ್, ಅಪ್ಪನ ಕೈಯಲ್ಲಿ ಆಂಡ್ರಾಯ್ಡ್ ಇರುವುದೇ ಹೆಚ್ಚು, ಹಾಗಾಗಿ ಬಹುಪಾಲು ಜನರಿಗೆ ಮಾತು ಇಲ್ಲಿಗೇ ಮುಗಿಯುತ್ತದೆ.

ಐಫೋನ್‌ನವರೂ ಒಂದನ್ನು ತಿಳಿದಿರಬೇಕು. ಕಾಲಾನಂತರ ನಿಮ್ಮ ಖಾತೆ ತೆರೆಯಲೆಂದು ನೇಮಿಸುವ 'ಲೆಗಸಿ ಕಾಂಟ್ಯಾಕ್ಟ್' ವ್ಯಕ್ತಿಗೆ ಫೋಟೊ, ಕಡತ ಸಿಗುತ್ತವೆ, ಉಳಿಸಿಟ್ಟ ಪಾಸ್‌ವರ್ಡುಗಳು ಸಿಗುವುದಿಲ್ಲ. ಬದುಕಿರುವಾಗಲೇ ಗುಂಪಿಗೆ ಹಾಕಿದ್ದಷ್ಟೇ ಅವರ ಪಾಲಿಗೆ.

ಬಿಟ್‌ವಾರ್ಡನ್

ನಾವು ಕೊನೆಗೆ ನಿಂತದ್ದು ಇಲ್ಲಿ. ಇದು ಪಾಸ್‌ವರ್ಡುಗಳನ್ನು ಬೀಗ ಹಾಕಿ ಇಡುವ ಆ್ಯಪ್. ಇದರ ಮೂಲ ಸಂಕೇತ (ಸೋರ್ಸ್ ಕೋಡ್) ಎಲ್ಲರೂ ನೋಡಬಹುದಾದದ್ದು. ಆಂಡ್ರಾಯ್ಡ್, ಐಫೋನ್, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತದೆ. ಉಚಿತ ಖಾತೆಯಲ್ಲೇ ಎಷ್ಟು ಬೇಕಾದರೂ ಪಾಸ್‌ವರ್ಡ್, ಎಷ್ಟು ಬೇಕಾದರೂ ಸಾಧನ. ಉಚಿತದಲ್ಲಿ ನೀವು ಮತ್ತು ಇನ್ನೊಬ್ಬರು, ಒಟ್ಟು ಇಬ್ಬರು, ಒಂದು ತಿಜೋರಿಯನ್ನು, ಅಂದರೆ ಪಾಸ್‌ವರ್ಡುಗಳ ಸಂಗ್ರಹವನ್ನು, ಹಂಚಿಕೊಳ್ಳಬಹುದು. ಗಂಡ ಹೆಂಡತಿಗೆ ಇದು ಧಾರಾಳವಾಗಿ ಸಾಕು. ಮೂರನೆಯವರು ಬೇಕಾದರೆ ಆರು ಜನರ ಕುಟುಂಬ ಚಂದಾ ಕಟ್ಟಬೇಕು. ಹಂಚಿದ್ದು ಒಂದೇ ಪ್ರತಿ. ನಾನು ಬದಲಿಸಿದರೆ ಅಮ್ಮನಲ್ಲೂ, ತಂಗಿಯಲ್ಲೂ ಬದಲಾಗುತ್ತದೆ.

ಆ ಆಸ್ಪತ್ರೆಯ ರಾತ್ರಿಗೆ ಉತ್ತರ ಸಿಕ್ಕಿದ್ದು ಇದರ ತುರ್ತು ಪ್ರವೇಶದ ವ್ಯವಸ್ಥೆಯಲ್ಲಿ. ಅಪ್ಪ ತಮ್ಮ ಖಾತೆಯಲ್ಲಿ ನನ್ನನ್ನು ನೇಮಿಸಿದ್ದಾರೆ. ನಾನು ಪ್ರವೇಶ ಕೇಳಿದರೆ ಅವರಿಗೆ ಇಮೇಲ್ ಹೋಗುತ್ತದೆ. ಅವರು ನಿಗದಿ ಮಾಡಿದ ಅವಧಿಯೊಳಗೆ ಬೇಡ ಎನ್ನದಿದ್ದರೆ ತಿಜೋರಿ ನನಗೆ ತೆರೆಯುತ್ತದೆ. ಅವಧಿಯನ್ನು ಒಂದು ದಿನಕ್ಕೆ ಇಟ್ಟಿದ್ದೇವೆ. ನೇಮಿಸುವವರಿಗೆ ಹಣ ಕೊಟ್ಟ ಖಾತೆ ಬೇಕು, ನೇಮಕಗೊಂಡವರಿಗೆ ಉಚಿತ ಖಾತೆ ಸಾಕು. ಒಂದು ದಿನವೂ ಕಾಯಲಾಗದ ವಿಮೆಯಂಥವನ್ನು ಮೊದಲೇ ಹಂಚಿದ ತಿಜೋರಿಯಲ್ಲಿ ಇಟ್ಟಿದ್ದೇವೆ.

ತೊಂದರೆಗಳೂ ಇವೆ. ತಿಜೋರಿಯನ್ನೇ ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಮರೆತರೆ ಕಂಪನಿಯೂ ತೆರೆದುಕೊಡಲಾರದು. ಅಮ್ಮನಿಗೆ ಕಲಿಸಲು ಮೂರು ಭಾನುವಾರ ಹಿಡಿಯಿತು. ಭದ್ರ ಟಿಪ್ಪಣಿಯ ಉದ್ದಕ್ಕೆ ಮಿತಿಯಿದೆ: ಬೀಗ ಹಾಕಿದ ಮೇಲೆ ಹತ್ತು ಸಾವಿರ ಅಕ್ಷರ ದಾಟಬಾರದು. ಕಂಪ್ಯೂಟರಿನ ಒಳಗೆ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಜಾಗ ಸಾಕಾದರೆ ಕನ್ನಡದ ಅಕ್ಷರಕ್ಕೂ ಅದರ ಗುಣಿತದ ಚಿಹ್ನೆಗೂ ಮೂರು ಮೂರು ಬೈಟ್ ಬೇಕು, ಹಾಗಾಗಿ ಕನ್ನಡದಲ್ಲಿ ಬರೆದರೆ ಈ ಮಿತಿ ಬೇಗ ತುಂಬುತ್ತದೆ. ಜಮೀನಿನ ಪೂರ್ತಿ ವಿವರ ಬರೆಯಹೊರಟಾಗ ನಮಗೆ ಇದು ಗೊತ್ತಾಯಿತು, ಎರಡು ಟಿಪ್ಪಣಿಯಾಗಿ ಒಡೆದೆವು.

ಆಡಿಟರಿಗೆ ಒಂದು ಸಲ ಮಾತ್ರ ಕೊಡಬೇಕಾದರೆ

ತೆರಿಗೆ ಪೋರ್ಟಲ್‌ನ ಪಾಸ್‌ವರ್ಡನ್ನು ಆಡಿಟರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಮರೆತುಬಿಡುವುದು ನಮ್ಮಲ್ಲಿ ಮಾಮೂಲು. ಬಿಟ್‌ವಾರ್ಡನ್‌ನ 'ಸೆಂಡ್' ಇದಕ್ಕೆಂದೇ ಇದೆ: ಪಠ್ಯವನ್ನು ಒಂದು ಕೊಂಡಿಯಾಗಿ ಮಾಡಿ, ಒಂದೇ ಸಲ ತೆರೆಯುವಂತೆ, ಇಂತಿಷ್ಟು ದಿನಕ್ಕೆ ಅಳಿಯುವಂತೆ ಕಳಿಸಬಹುದು. ಪಡೆಯುವವರಿಗೆ ಖಾತೆ ಬೇಕಿಲ್ಲ, ಪಠ್ಯಕ್ಕೆ ಹಣವಿಲ್ಲ. ಇಬ್ಬರ ಬಳಿಯೂ ಸಿಗ್ನಲ್ ಆ್ಯಪ್ ಇದ್ದರೆ ತಾನಾಗಿ ಅಳಿಯುವ ಸಂದೇಶವೂ ಆದೀತು. ರಿಟರ್ನ್ ಸಲ್ಲಿಕೆಯಾದ ದಿನವೇ ಪಾಸ್‌ವರ್ಡ್ ಬದಲಿಸಿ, ಏಕೆಂದರೆ ಅವರು ಅದನ್ನು ಎಲ್ಲಿ ಬರೆದುಕೊಂಡಿದ್ದಾರೋ ನಿಮಗೆ ಕಾಣದು.

ಒನ್‌ಪಾಸ್‌ವರ್ಡ್

ಇದೂ ಬಿಟ್‌ವಾರ್ಡನ್‌ನಂಥದೇ ಆ್ಯಪ್, ಆದರೆ ಇದರಲ್ಲಿ ಉಚಿತ ಖಾತೆ ಇಲ್ಲ. ಚಂದಾ ವರ್ಷ ವರ್ಷವೂ ಕಟ್ಟಬೇಕು, ಬಿಟ್‌ವಾರ್ಡನ್‌ಗಿಂತ ದುಬಾರಿ. ಕುಟುಂಬದ ಯೋಜನೆ ಐವರಿಗೆ. ಆದರೂ ಇದನ್ನು ತಳ್ಳಿಹಾಕಲಾರೆ. ಮನೆಯಲ್ಲಿ ಒಬ್ಬರು ಮಾಸ್ಟರ್ ಪಾಸ್‌ವರ್ಡ್ ಮರೆತರೆ, ಮೇಲ್ವಿಚಾರಣೆಯ ಹೊಣೆ ಹೊತ್ತ ಇನ್ನೊಬ್ಬರು ಅವರ ಖಾತೆಯನ್ನು ಮರಳಿ ಕೊಡಿಸಬಹುದು. ಮರೆವಿನ ಹಿರಿಯರಿರುವ ಮನೆಗೆ ಇದೊಂದೇ ಗುಣ ಆ ಹಣಕ್ಕೆ ಸಮ. ಮಾಸ್ಟರ್ ಪಾಸ್‌ವರ್ಡಿನ ಜೊತೆ 'ಸೀಕ್ರೆಟ್ ಕೀ' ಎಂಬ ಉದ್ದನೆಯ ಎರಡನೇ ಗುಟ್ಟೂ ಇರುವುದರಿಂದ, ಕಂಪನಿಯ ಕಡೆಯಿಂದ ಕಡತ ಕದ್ದರೂ ಊಹಿಸಿ ತೆರೆಯುವುದು ಅಸಾಧ್ಯದ ಮಾತು. ಆ ಕೀಯನ್ನು ಮುದ್ರಿಸಿ ಇಟ್ಟುಕೊಳ್ಳಲೇಬೇಕು. ಮುದ್ರಿಸದೆ ಬಿಟ್ಟರೆ ಹೊಸ ಫೋನಿನಲ್ಲಿ ನೀವೇ ಹೊರಗೆ ನಿಲ್ಲಬೇಕಾಗಬಹುದು.

ಕಂಪನಿಯ ಕಡೆಯಿಂದ ಕಡತ ಕದಿಯುವುದು ಬರಿಯ ಊಹೆಯ ಮಾತಾಗಿ ಉಳಿದಿಲ್ಲ. 2022ರಲ್ಲಿ ಇಂಥದೇ ಇನ್ನೊಂದು ಆ್ಯಪ್ ಆದ ಲಾಸ್ಟ್‌ಪಾಸ್‌ನಿಂದ ಗ್ರಾಹಕರ ತಿಜೋರಿಗಳ ಬ್ಯಾಕಪ್ ಕಳುವಾಯಿತು. ಒಳಗಿನ ಪಾಸ್‌ವರ್ಡ್, ಟಿಪ್ಪಣಿಗಳಿಗೆ ಬೀಗವಿತ್ತು, ಜಾಲತಾಣಗಳ ವಿಳಾಸಗಳಿಗೆ ಇರಲಿಲ್ಲ. ಕಡತ ಕಳ್ಳರ ಕೈ ಸೇರಿದ ಮೇಲೆ ಕಾಪಾಡುವುದು ಗ್ರಾಹಕರ ಮಾಸ್ಟರ್ ಪಾಸ್‌ವರ್ಡ್ ಒಂದೇ. ಅದು ದುರ್ಬಲವಾಗಿದ್ದವರಿಗೆ ನಿಜವಾದ ಅಪಾಯ.

ಕೀಪಾಸ್

ಯಾವ ಕಂಪನಿಯ ಕ್ಲೌಡೂ ಬೇಡ ಎನ್ನುವವರಿಗೆ 2003ರಿಂದ ಕೀಪಾಸ್ ಇದೆ. ಎಲ್ಲವೂ ಬೀಗ ಹಾಕಿದ ಒಂದೇ ಕಡತದಲ್ಲಿ. ಕಂಪ್ಯೂಟರಿಗೆ ಕೀಪಾಸ್‌ಎಕ್ಸ್‌ಸಿ, ಆಂಡ್ರಾಯ್ಡ್‌ಗೆ ಕೀಪಾಸ್‌ಡಿಎಕ್ಸ್, ಐಫೋನ್‌ಗೆ ಕೀಪಾಸಿಯಂ ಒಂದೇ ಕಡತವನ್ನು ತೆರೆಯುತ್ತವೆ. ಹಣ ಕೊಡದೆಯೂ ನಡೆಯುತ್ತದೆ. ನನ್ನ ಕೆಲಸದ ಗುಟ್ಟುಗಳನ್ನು ನಾನು ಇಂದಿಗೂ ಇದರಲ್ಲೇ ಇಟ್ಟಿದ್ದೇನೆ.

ಮನೆಯವರೊಂದಿಗೆ ಹಂಚಲು ಮಾತ್ರ ಇದು ಕಷ್ಟ. ಕಡತವನ್ನು ಸಾಧನದಿಂದ ಸಾಧನಕ್ಕೆ ಸಾಗಿಸುವ ಹೊಣೆ ನಿಮ್ಮದೇ. ಇಬ್ಬರು ಒಂದೇ ಹೊತ್ತಿಗೆ ಬದಲಿಸಿದರೆ ಎರಡು ಪ್ರತಿಯಾಗುತ್ತದೆ, ಯಾರಾದರೂ ಕುಳಿತು ಕೂಡಿಸಬೇಕು. ಒಮ್ಮೆ ಕಡತವನ್ನೂ ಅದರ ಪಾಸ್‌ವರ್ಡನ್ನೂ ಕೊಟ್ಟರೆ, ಆ ಪ್ರತಿಯನ್ನು ಹಿಂದಕ್ಕೆ ಪಡೆಯಲು ದಾರಿಯಿಲ್ಲ. ಮನೆಯಲ್ಲಿ ಇದನ್ನು ಬಲ್ಲವರು ಒಬ್ಬರೇ ಆಗಿದ್ದು ಅವರೇ ಹಾಸಿಗೆ ಹಿಡಿದರೆ, ನನ್ನಪ್ಪನ ಡೈರಿಗಿಂತ ಕಷ್ಟದ ಸ್ಥಿತಿ ಬರುತ್ತದೆ.

ಟಿಪ್ಪಣಿಗಳೇ ಮುಖ್ಯವಾದರೆ

ಪಾಸ್‌ವರ್ಡ್ ಕಡಿಮೆ, ದಿನಚರಿ ಅಥವಾ ಆರೋಗ್ಯದ ಟಿಪ್ಪಣಿ ಹೆಚ್ಚು ಎನ್ನುವವರು ಸ್ಟ್ಯಾಂಡರ್ಡ್ ನೋಟ್ಸ್ ನೋಡಿ. ಉಚಿತ ಖಾತೆಯಲ್ಲೇ ಬೀಗವೂ ಇದೆ, ಫೋನು ಕಂಪ್ಯೂಟರುಗಳ ನಡುವೆ ಹೊಂದಾಣಿಕೆಯೂ ಇದೆ. ಜಾಪ್ಲಿನ್ ಕೂಡ ಒಳ್ಳೆಯದು, ಎನ್‌ಕ್ರಿಪ್ಷನ್ ಅನ್ನು ನೀವೇ ಆನ್ ಮಾಡಬೇಕು. ಐಫೋನ್‌ನ ಬೀಗ ಹಾಕಿದ ನೋಟ್ಸ್ ಭದ್ರ, ಆದರೆ ಬೀಗ ಹಾಕಿದ್ದನ್ನು ಇನ್ನೊಬ್ಬರೊಂದಿಗೆ ಹಂಚಿಕೊಂಡು ಬರೆಯಲಾಗುವುದಿಲ್ಲ.

ಯಾರಿಗೆ ಯಾವುದು

ದಂಪತಿ ಇಬ್ಬರೇ ಆಗಿದ್ದು ಫೋನುಗಳು ಬೇರೆ ಬೇರೆ ಕಂಪನಿಯವಾದರೆ ಬಿಟ್‌ವಾರ್ಡನ್ ಉಚಿತ ಖಾತೆ. ಎಲ್ಲರೂ ಭಾರತದಲ್ಲೇ ಇದ್ದು, ಎಲ್ಲರದೂ ಆಂಡ್ರಾಯ್ಡ್, ಹೊಸದೇನನ್ನೂ ಕಲಿಯುವ ವ್ಯವಧಾನ ಇಲ್ಲದಿದ್ದರೆ ಗೂಗಲ್. ಎಲ್ಲರದೂ ಐಫೋನ್ ಆದರೆ ಆ್ಯಪಲ್. ಮಕ್ಕಳು ಹೊರದೇಶದಲ್ಲಿ, ಹಿರಿಯರು ಊರಿನಲ್ಲಿ ಇದ್ದರೆ ಬಿಟ್‌ವಾರ್ಡನ್ ಕುಟುಂಬ ಚಂದಾ, ಮರೆವಿನ ಭಯವಿದ್ದು ಹಣಕ್ಕೆ ಅಡ್ಡಿಯಿಲ್ಲದಿದ್ದರೆ ಒನ್‌ಪಾಸ್‌ವರ್ಡ್. ಒಬ್ಬರೇ ಬಳಸುವವರು, ತಾಂತ್ರಿಕ ರೂಢಿ ಇರುವವರು ಕೀಪಾಸ್.

ಯಾವುದನ್ನು ಆರಿಸಿದರೂ ಒಟಿಪಿ ಹೋಗುವ ಸಿಮ್ ಸತ್ತರೆ ಪಾಸ್‌ವರ್ಡ್ ಇದ್ದೂ ಪ್ರಯೋಜನವಿಲ್ಲ. ಬಹಳ ದಿನ ರೀಚಾರ್ಜ್ ಇಲ್ಲದ ಸಂಖ್ಯೆ ನಿಷ್ಕ್ರಿಯವಾಗಿ ಬೇರೆಯವರ ಪಾಲಾಗುವುದೂ ಉಂಟು. ಅಪ್ಪನ ಸಿಮ್‌ನ ರೀಚಾರ್ಜ್ ತಾರೀಖು ನಮ್ಮ ತಿಜೋರಿಯ ಮೊದಲ ಟಿಪ್ಪಣಿ.

ಮಾಸ್ಟರ್ ಪಾಸ್‌ವರ್ಡನ್ನು ಕಟ್ಟುವ ಬಗೆ

ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದ ತೆಗೆದುಕೊಳ್ಳಿ: ಹುಣಸೆ, ಗಡಿಯಾರ, ಕೊಡೆ, ಎಮ್ಮೆ, ಜೋಕಾಲಿ ಎಂಬಂತೆ. ಇವನ್ನೇ ಬಳಸಬೇಡಿ, ನಿಘಂಟಿನ ಪುಟವನ್ನು ಕಣ್ಣುಮುಚ್ಚಿ ತೆರೆದು ನಿಮ್ಮವನ್ನು ಆರಿಸಿ. ಗಾದೆ, ವಚನ, ಸಿನಿಮಾ ಹಾಡಿನ ಸಾಲು, ಮಕ್ಕಳ ಹೆಸರು ಬೇಡ.

ಪದ ಕನ್ನಡದ್ದಾದರೂ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ. ಕನ್ನಡ ಲಿಪಿಯಲ್ಲಿ ಕಣ್ಣಿಗೆ ಒಂದೇ ಆಗಿ ಕಾಣುವ 'ಜೋ' ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯ ಒಳಗೆ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಕೂಡಿರಬಹುದು. ಫೋನಿನ ಕೀಲಿಮಣೆ ಒಂದು ಬಗೆ, ಕಂಪ್ಯೂಟರಿನದು ಇನ್ನೊಂದು ಬಗೆ ಹಾಕಿದರೆ ಸರಿಯಾದ ಪಾಸ್‌ವರ್ಡೂ ತಪ್ಪು ಎನಿಸಿಕೊಳ್ಳಬಹುದು. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಜೋಕಾಲಿಯ 'ಕಾ' ದೀರ್ಘಕ್ಕೆ ಇಂಗ್ಲಿಷಿನ ಎ ಅಕ್ಷರವನ್ನು ಒಂದು ಹಾಕಿದಿರೋ ಎರಡೋ ಎಂಬುದನ್ನು ಮಾತ್ರ ಕಾಗದದ ಮೇಲೆ ಗಟ್ಟಿ ಮಾಡಿಕೊಳ್ಳಿ.

ಪೂರ್ತಿ ಪಾಸ್‌ವರ್ಡ್ ಬರೆದ ಆ ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿ ಬೀರುವಿನಲ್ಲಿ ಇಡಿ. ನಮ್ಮ ಮನೆಯಲ್ಲಿ ದೀಪಾವಳಿಗೆ ಎಲ್ಲರೂ ಸೇರಿದಾಗ ಅಮ್ಮ ಆ ಲಕೋಟೆ ಒಡೆದು, ಯಾರ ಸಹಾಯವೂ ಇಲ್ಲದೆ ಟ್ಯಾಬಿನಲ್ಲಿ ತಿಜೋರಿ ತೆರೆದು, ವಿಮೆಯ ಪಾಲಿಸಿ ಸಂಖ್ಯೆಯನ್ನು ಗಟ್ಟಿಯಾಗಿ ಓದಬೇಕು. ಈ ಸಲ ನಾಲ್ಕು ನಿಮಿಷ ಹಿಡಿಯಿತು. ಆಮೇಲೆ ಹೊಸ ಲಕೋಟೆಗೆ ಹಾಕಿ, ಅಂಟಿಸಿ, ಮೇಲೆ ತಾರೀಖು ಬರೆದು, ಅದೇ ಬೀರುವಿನ ಸೀರೆಗಳ ಕೆಳಗೆ ಅವರೇ ಇಟ್ಟರು.